ಗೋಡೆಗೆ ಎರಡು ಕೈ ದೂರ

ಫೆಬ್ರವರಿ 3, ಸೋಮವಾರ

ಅಂತೂ ಇವತ್ತು ಸಹಿ ಬಿತ್ತು. ನಮ್ಮ ಅಂಧರ ಈಜು ಸಂಘಕ್ಕೂ ಆ ದೊಡ್ಡ ಕ್ರೀಡಾ ಪ್ರತಿಷ್ಠಾನಕ್ಕೂ ಒಪ್ಪಂದ. ಹನ್ನೆರಡು ಪುಟ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನ ಮುಂದೆ ಹನ್ನೆರಡು ಪುಟ ಇಟ್ಟರೆ ಕೇಳಬೇಕೇ. ಎಲ್ಲರೂ ಪೆನ್ನು ಹಿಡಿದು ಕಾಯುತ್ತಿದ್ದರೂ ನಾನು ಕೂತು ಹದಿನೇಳು ತಪ್ಪು ತೆಗೆದೆ. ಪ್ರತಿಷ್ಠಾನದ ಸಮನ್ವಯಾಧಿಕಾರಿ ಇನ್ನೂ ಮೂವತ್ತು ದಾಟದ ಹುಡುಗಿ, ಫೈಲನ್ನು ಎದೆಗೆ ಅವುಚಿಕೊಂಡೇ ಓಡಾಡುತ್ತಾಳೆ. ಮನಸ್ಸಿನಲ್ಲೇ ಫೈಲಮ್ಮ ಎಂದು ಹೆಸರಿಟ್ಟೆ.

"ಸರ್, ತಿದ್ದಿದ್ರಿಂದ ಅರ್ಥ ಏನೂ ಬದಲಾಗಲ್ಲ ಅಲ್ವಾ?" ಎಂದಳು.

"ಅರ್ಥ ಬದಲಾಗಲ್ಲಮ್ಮ, ಮರ್ಯಾದೆ ಉಳಿಯುತ್ತೆ," ಎಂದೆ. ನಮ್ಮ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ದೂರವಾಣಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು.

ಒಪ್ಪಂದದ ಸಾರ ಇಷ್ಟೇ. ಕೊಳ, ತರಬೇತುದಾರ, ಪ್ರಯಾಣ ಅವರದು. ಈಜುವವರು ಮತ್ತು ತಟ್ಟುವವರು ನಮ್ಮವರು. ಇಷ್ಟು ದಿನ ಭಾನುವಾರ ಬೆಳಿಗ್ಗೆ ಒಂದೇ ಒಂದು ಗಂಟೆ, ಅದನ್ನೂ ಕೈಕಾಲು ಹಿಡಿದು ಪಡೆಯುತ್ತಿದ್ದೆವು. ಇನ್ನು ನಮ್ಮ ಹನ್ನೊಂದು ಜನಕ್ಕೆ ವಾರಕ್ಕೆ ಮೂರು ಸಂಜೆ. ಮೇ ತಿಂಗಳಲ್ಲಿ ಆಯ್ಕೆ ಸ್ಪರ್ಧೆ. ಐವತ್ತು ಮೀಟರನ್ನು ಮೂವತ್ತೇಳು ಸೆಕೆಂಡಿನೊಳಗೆ ಮುಗಿಸಿದರೆ ತಂಡಕ್ಕೆ ಸೇರಿದಂತೆ. ಗಿಣಿ ಈಗಲೇ ಮೂವತ್ತಾರೂವರೆಯಲ್ಲಿ ಬರುತ್ತಾಳೆ. ಹತ್ತೊಂಬತ್ತು ವರ್ಷದ ಹುಡುಗಿ, ನೀರಿಗಿಳಿದಾಗ ಮಾತ್ರ ಬಾಯಿ ಮುಚ್ಚುತ್ತಾಳೆ, ಅದಕ್ಕೇ ಆ ಹೆಸರು.

ತಟ್ಟುವುದು ಅಂದರೇನು ಎಂದು ಫೈಲಮ್ಮ ಕೇಳಿದಳು. ಕೋಲು ತೋರಿಸಿದೆ. ಉದ್ದನೆಯ ಕೋಲು, ತುದಿಗೆ ಸ್ಪಂಜಿನ ಉಂಡೆ. ಕಣ್ಣು ಕಾಣದವರಿಗೆ ಗೋಡೆ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಗೋಡೆ ಇನ್ನು ಎರಡು ಕೈ, ಅಂದರೆ ಎರಡು ಕೈಬೀಸು, ದೂರ ಇದೆ ಎನ್ನುವಾಗ ಅವರ ತಲೆಗೆ ಮೆತ್ತಗೆ ಒಮ್ಮೆ ತಟ್ಟಬೇಕು. ಮೊದಲೇ ತಟ್ಟಿದರೆ ವೇಗ ಹೋಯಿತು, ತಡವಾಗಿ ತಟ್ಟಿದರೆ ತಲೆ ಹೋಯಿತು. ಕೊಳದ ಆ ತುದಿಗೆ ಬಟ್ಟೆ ಹೊಲಿಯುವ ನಮ್ಮ ಟೈಲರ್ ನಿಲ್ಲುತ್ತಾನೆ, ಗುರಿ ಮುಟ್ಟುವ ತುದಿಗೆ ನಾನು. ಏಳು ವರ್ಷದಲ್ಲಿ ನನ್ನ ತುದಿಯಲ್ಲಿ ಒಂದು ತಲೆಯೂ ಗೋಡೆಗೆ ತಾಗಿಲ್ಲ. ಮಕ್ಕಳೆಲ್ಲ ನನ್ನನ್ನು ಕೋಲುಮಾಮ ಅನ್ನುವುದು ಸುಮ್ಮನೆ ಅಲ್ಲ.

ಒಂಬತ್ತನೇ ಷರತ್ತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ತಟ್ಟುವವರ ತಪ್ಪಿನಿಂದ ಅಪಘಾತವಾದರೆ ಒಪ್ಪಂದ ಅಂದೇ ರದ್ದು. ತಟ್ಟುವವರು ಕಣ್ಣಿನ ಪರೀಕ್ಷೆಯ ಪತ್ರ ಕೊಡಬೇಕಂತೆ. ಜೀವಮಾನವೆಲ್ಲ ಇರುವೆ ಗಾತ್ರದ ಅಕ್ಷರ ಓದಿದವನಿಗೆ ಕಣ್ಣಿನ ಪರೀಕ್ಷೆ.

ಫೆಬ್ರವರಿ 14, ಶುಕ್ರವಾರ

ಕಣ್ಣಿನ ಆಸ್ಪತ್ರೆಗೆ ಹೋಗಿ ಒಂದೂಕಾಲು ಗಂಟೆ ಕೂತೆ. ಎದುರಿನ ಬೆಂಚಿನಲ್ಲಿದ್ದ ಮುದುಕರೊಬ್ಬರು ಬೆರಳ ತುದಿಯಿಂದ ಗೋಡೆ ಸವರುತ್ತಲೇ ಇದ್ದರು. ಅಪ್ಪನ ನೆನಪಾಯಿತು. ಕೊನೆಕೊನೆಗೆ ಅಪ್ಪನೂ ಹಾಗೆಯೇ ಗೋಡೆ ಹಿಡಿದು ನಡೆಯುತ್ತಿದ್ದರು. ವಯಸ್ಸಾಯಿತು ಎಂದುಕೊಂಡಿದ್ದೆವು. ಆಗ ಅವರಿಗೆ ಐವತ್ತೊಂಬತ್ತು. ನನಗೀಗ ಐವತ್ತೇಳು. ಸಾಕಪ್ಪ ಎನಿಸಿ ಎದ್ದು ಬಂದುಬಿಟ್ಟೆ.

ಅಚ್ಚುಕೂಟದ ಹಿಂದೆ ಕನ್ನಡಕದ ಅಂಗಡಿ ಇದೆಯಲ್ಲ, ಅವನಿಗೂ ಸಹಿ ಹಾಕುವ ಅಧಿಕಾರ ಇದೆಯಂತೆ. ಕಾರ್ಡು ಕೊಟ್ಟ. ಕೊನೆಯ ಸಾಲಿನವರೆಗೂ ಗಡಗಡನೆ ಓದಿ, ಅದರಲ್ಲೇ ಒಂದು ಮುದ್ರಣದೋಷವನ್ನೂ ತೋರಿಸಿದೆ. ಅವನು ಕಕ್ಕಾಬಿಕ್ಕಿ. ಹತ್ತಿರದ ದೃಷ್ಟಿ ಸರಿ, ದೂರದ ದೃಷ್ಟಿ ಸರಿ ಎಂದು ಬರೆದ. ಬದಿಯ ದೃಷ್ಟಿ ಎನ್ನುವ ಮೂರನೇ ಸಾಲನ್ನು ಹಾಗೇ ಬಿಟ್ಟ.

"ಅದಕ್ಕೆ ಮಷೀನ್ ಬೇಕು ಸರ್. ನಮ್ಮಲ್ಲಿಲ್ಲ. ಆಸ್ಪತ್ರೇಲೇ ಮಾಡಿಸ್ಬೇಕು."

ಖಾಲಿ ಬಿಟ್ಟ ಜಾಗ ಕಂಡರೆ ನನಗೆ ಆಗುವುದಿಲ್ಲ. ಒಂದು ಪದ ಬಿಟ್ಟುಹೋದ ಸಾಲನ್ನು ಹಾಗೇ ಅಚ್ಚಿಗೆ ಕಳಿಸಿದವನಲ್ಲ ನಾನು. ಮನೆಗೆ ಬಂದು ಅವನ ಅಕ್ಷರದ ಅಳತೆಗೇ, ಅದೇ ನೀಲಿ ಶಾಯಿಯಲ್ಲಿ 'ಸರಿ' ಎಂದು ತುಂಬಿದೆ. ನೋಡಿದರೆ ಒಂದೇ ಕೈ ಅನ್ನಬೇಕು. ಕೆಲಸ ಮುಗಿಯಿತು.

ಫೆಬ್ರವರಿ 26, ಬುಧವಾರ

ಈ ಮನೆಯಲ್ಲಿ ಇಟ್ಟ ವಸ್ತು ಇಟ್ಟಲ್ಲಿ ಇರುವುದಿಲ್ಲ. ಮಧ್ಯಾಹ್ನ ಮೊಣಕೈ ತಾಗಿ ನೀರಿನ ಲೋಟ ಉರುಳಿತು. ಸ್ಟೂಲು ಎಡವಿದೆ. ಸ್ಟೂಲು ಹತ್ತು ವರ್ಷದಿಂದ ಅಲ್ಲೇ ಇದೆ ಎನ್ನುತ್ತಾಳೆ ನನ್ನವಳು.

"ಈ ವಾರದಲ್ಲಿ ಮೂರನೇ ಲೋಟ ರೀ."

"ಲೆಕ್ಕ ಇಟ್ಕೊಂಡು ಕೂತಿದೀಯಾ?"

ಅವಳು ನೆಲ ಒರೆಸಿದಳು. ಸುಮ್ಮನೆ ರೇಗಿದೆ ಎಂದು ಆಮೇಲೆ ಅನಿಸಿತು.

ಕೊಳದಲ್ಲೂ ಕಿರಿಕಿರಿ. ಪ್ರತಿಷ್ಠಾನದವರು ಹೊಸ ದೀಪ ಹಾಕಿಸಿದ್ದಾರೆ. ಪ್ರತಿ ದೀಪದ ಸುತ್ತ ಬಣ್ಣದ ಬಳೆ ಬಳೆ. ಅಗ್ಗದ ಮಾಲು ತಂದು ಹಾಕಿದರೆ ಇನ್ನೇನಾಗುತ್ತದೆ. ನಿನಗೂ ಹಾಗೆ ಕಾಣುತ್ತಾ ಎಂದು ಟೈಲರನ್ನು ಕೇಳಿದೆ. ಇಲ್ಲವಲ್ಲ ಎಂದ. ಅವನಿಗೆ ಬಟ್ಟೆ ಬಿಟ್ಟು ಬೇರೆ ಏನು ತಾನೇ ಕಂಡೀತು. ಉಡುಪು ಬದಲಿಸುವ ಕೋಣೆಯ ಬಾಗಿಲು ಕೂಡ ಕಿರಿದಾಯಿತು, ಎರಡು ಸಲ ಭುಜ ತಗುಲಿತು. ಪಕ್ಕದಲ್ಲೇ ಬರುತ್ತಿದ್ದ ಗಿಣಿ ಮಾತು ನಿಲ್ಲಿಸಿದಳು. ಅದೇ ಆಶ್ಚರ್ಯ.

ಮಾರ್ಚ್ 7, ಶುಕ್ರವಾರ

ಇವತ್ತು ಗಿಣಿಯ ಕೈ ಗೋಡೆಗೆ ಬಡಿದು ಎರಡು ಬೆರಳು ಊದಿಕೊಂಡವು.

ಪಕ್ಕದ ಸಾಲಿನವನು ನೀರು ಎರಚಾಡುತ್ತಾ ಬಂದ, ಅದರ ನಡುವೆ ಅವಳು ಕಣ್ಣಿಗೆ ತಪ್ಪಿಹೋದಳು. ಇಲ್ಲ ಇಲ್ಲ ಎನ್ನುವಷ್ಟರಲ್ಲಿ ಕೋಲಿನ ಕೆಳಗೇ ಇದ್ದಾಳೆ. ತಟ್ಟಿದೆ, ಆದರೆ ಒಂದು ಕೈ ತಡವಾಯಿತು.

"ನಂದೇ ತಪ್ಪು ಮಾಮ," ಎಂದಳು ಬೆರಳು ನೀವಿಕೊಳ್ಳುತ್ತಾ. "ಜಾಸ್ತಿ ಜೋರಾಗಿ ಬಂದ್ಬಿಟ್ಟೆ."

ಒಳ್ಳೆಯ ಹುಡುಗಿ. ಫೈಲಮ್ಮ ಅಲ್ಲಿರಲಿಲ್ಲ, ಪುಣ್ಯ. ಟೈಲರಿಗೆ ಯಾರಿಗೂ ಹೇಳಬೇಡ ಎಂದೆ.

ಮಾರ್ಚ್ 22, ಶನಿವಾರ

ಗಿಣಿ ನಿಧಾನವಾಗುತ್ತಿದ್ದಾಳೆ. ಮೂವತ್ತೇಳೂಕಾಲು. ಹೋದ ವಾರ ಮೂವತ್ತೇಳು. ತರಬೇತುದಾರ ತಲೆ ಕೆರೆದುಕೊಂಡ. ಮೊದಲ ನಲವತ್ತು ಮೀಟರ್ ಬಾಣದ ಹಾಗೆ ಹೋಗುತ್ತಾಳೆ, ನನ್ನ ತುದಿ ಹತ್ತಿರ ಬಂದಾಗ ಮಾತ್ರ ಕೈ ಸಣ್ಣದಾಗುತ್ತದೆ.

ನನಗೆ ಗೊತ್ತಾಯಿತು. ಎಣಿಸುತ್ತಿದ್ದಾಳೆ. ಸಂಘಕ್ಕೆ ಬಂದ ಹೊಸತರಲ್ಲಿ ಅವಳು ಎಲ್ಲವನ್ನೂ ಎಣಿಸುತ್ತಿದ್ದಳು. ಮೆಟ್ಟಿಲು, ಹೆಜ್ಜೆ, ನೀರಿನಲ್ಲಿ ಕೈಬೀಸು. ಗೋಡೆಯಿಂದ ಗೋಡೆಗೆ ಇಪ್ಪತ್ತೆರಡು ಕೈ. ಹದಿನೆಂಟಾಯಿತು ಎಂದರೆ ಮೈ ತಾನಾಗಿ ಹಿಂಜರಿಯುತ್ತದೆ, ಅಲ್ಲಿಗೆ ಸ್ಪರ್ಧೆ ಮುಗಿಯಿತು. ಆ ಅಭ್ಯಾಸ ಬಿಡಿಸಲು ನನಗೆ ಎರಡು ವರ್ಷ ಹಿಡಿದಿತ್ತು. ಗೋಡೆಯ ಚಿಂತೆ ನನಗೆ ಬಿಡು, ನೀನು ಈಜು ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದೆ.

ಎಲ್ಲರ ಮುಂದೆಯೇ ಬೈದೆ. "ಸೋಂಬೇರಿ ಆಗ್ತಾ ಇದೀಯಾ. ಪ್ರತಿಷ್ಠಾನದವರು ಬಂದ್ರು ಅಂತ ಸೊಕ್ಕು ಬಂತಾ?"

ತಲೆ ತಗ್ಗಿಸಿ ಕೂತಳು. ಇನ್ನೊಂದು ದಿನ ಆಗಿದ್ದರೆ ನನಗೆ ಹತ್ತು ತಿರುಗಿ ಹೇಳುತ್ತಿದ್ದಳು.

ಬಸ್ ನಿಲ್ದಾಣದವರೆಗೆ ಜೊತೆಯಲ್ಲೇ ಬಂದೆವು. ಮೊದಲೆಲ್ಲ ಅವಳು ನನ್ನ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಿದ್ದಳು. ಈಗ ನನ್ನ ಕೈ ಹಿಡಿದುಕೊಂಡು ಅರ್ಧ ಹೆಜ್ಜೆ ಮುಂದೆ ನಡೆಯುತ್ತಾಳೆ. ಈಗಿನ ಹುಡುಗಿಯರಿಗೆ ಎಲ್ಲದಕ್ಕೂ ಅವಸರ.

ಏಪ್ರಿಲ್ 8, ಮಂಗಳವಾರ

ಕೊಳದ ಓಣಿಯಲ್ಲಿ ಫೈಲಮ್ಮ ಎಲ್ಲಿಂದಲೋ ಧುತ್ತೆಂದು ಬಂದು ನನಗೆ ಡಿಕ್ಕಿ ಹೊಡೆದಳು. ಕಾಗದವೆಲ್ಲ ಚೆಲ್ಲಾಪಿಲ್ಲಿ. ನಾನೇ ಬಗ್ಗಿ ಆರಿಸಿಕೊಟ್ಟೆ.

"ಸರ್, ನಾನು ನಿಂತಿದ್ದೆ," ಎಂದಳು. "ನೀವೇ ಬಂದು ತಾಗಿದ್ರಿ." ಕಾಗದ ಜೋಡಿಸಿಕೊಳ್ಳುತ್ತಾ, "ಇನ್ನೊಂದ್ಸಲ ಕಣ್ಣು ತೋರಿಸ್ಬಾರ್ದಾ ಸರ್? ಖರ್ಚು ನಾವೇ ನೋಡ್ಕೋತೀವಿ," ಎಂದಳು.

ಅಲ್ಲಿಗೆ ಒಳಗಿನ ಆಟ ಗೊತ್ತಾಯಿತು. ನನ್ನ ತುದಿಗೆ ಇವರ ಮನುಷ್ಯನನ್ನು ತಂದು ನಿಲ್ಲಿಸಬೇಕು, ನಾಳೆ ಗಿಣಿ ಗೆದ್ದರೆ ಪಟದಲ್ಲಿ ಇವರವನೇ ಇರಬೇಕು. ಏಳು ವರ್ಷ ನೀರಿನ ಅಂಚಿನಲ್ಲಿ ನಿಂತು ಕಾಲು ಬಿರುಕು ಬಿಟ್ಟವನು ನಾನು. ಪತ್ರ ಕೊಟ್ಟಾಗಿದೆ, ಅದರಲ್ಲಿ ಮೂರೂ ಸಾಲು ಸರಿ ಎಂದೇ ಇದೆ, ಇನ್ನು ನನ್ನ ತಂಟೆಗೆ ಬರಬೇಡಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ.

ಅಧ್ಯಕ್ಷರಿಗೆ ಫೋನ್ ಮಾಡಿ ದೂರಿದೆ. ಎಲ್ಲವನ್ನೂ ಕೇಳಿಸಿಕೊಂಡರು.

"ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ. ನಿಮ್ಮ ಹೆಜ್ಜೆ ಸದ್ದು ಯಾಕೆ ಬದಲಾಗಿದೆ?"

"ಬದಲಾಗಿದೆಯಾ?"

"ಮೊದಲು ಟಕಟಕ ಅಂತ ಬರ್ತಿದ್ರಿ. ಈಗ ಕಾಲಲ್ಲೇ ನೆಲ ತಡವ್ಕೊಂಡು ಬರ್ತೀರಿ. ನಮ್ಮವರ ಹಾಗೆ."

ಚಪ್ಪಲಿ ಹೊಸದು ಎಂದೆ. ನಗಲಿಲ್ಲ ಅವರು. ಚಪ್ಪಲಿ ಹಳೆಯದೇ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ.

ಏಪ್ರಿಲ್ 19, ಶನಿವಾರ

ಇವತ್ತು ನೀರು ಬಹಳ ಹೊಳೆಯುತ್ತಿತ್ತು. ಕೋಲು ಎರಡು ಸಲ ತಪ್ಪಿತು. ಬೇರೆ ಮಕ್ಕಳು, ನಿಧಾನ ಬರುವವರು, ಏನೂ ಆಗಲಿಲ್ಲ.

ಮೇ 10, ಶನಿವಾರ

ಸ್ಪರ್ಧೆಗೆ ಇನ್ನು ಎರಡು ವಾರ. ಗಿಣಿ ಮೂವತ್ತೇಳರ ಒಳಗೆ ಬರುತ್ತಲೇ ಇಲ್ಲ. ಹೀಗೇ ಆದರೆ ಅವಳ ಹೆಸರು ಕೈಬಿಡಬೇಕಾಗುತ್ತದೆ ಎಂದು ಫೈಲಮ್ಮ ಮೆತ್ತಗೆ ಹೇಳಿದಳು.

ಇವತ್ತು ಅಭ್ಯಾಸ ಮುಗಿದ ಮೇಲೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಟವೆಲ್ಲಿನಿಂದ ಕೂದಲು ಒರೆಸಿಕೊಳ್ಳುತ್ತಿದ್ದಳು.

"ನಿಜ ಹೇಳು. ಎಣಿಸ್ತಾ ಇದೀಯಾ?"

"ಹೂಂ."

"ಯಾಕೆ?"

ಟವೆಲ್ಲನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳಿಬಿಟ್ಟೆ. ಅದೊಂದು ಹೋದರೆ ನನಗೆ ಉಳಿಯುವುದೇನು ಎಂದು ಅನಿಸಿಬಿಟ್ಟಿತ್ತು. ಮಕ್ಕಳಿಲ್ಲದ ಮನೆ, ತಿದ್ದಿದ ಕಾಗದ, ಆ ಕೋಲು.

"ಅಯ್ಯೋ, ಹಾಗಲ್ಲ ಮಾಮ."

"ಹಾಗಾದ್ರೆ ಮಾತು ಕೊಡು. ಸ್ಪರ್ಧೆ ದಿನ ಎಣಿಸಲ್ಲ ಅಂತ."

ಟವೆಲ್ಲನ್ನು ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. ಆ ಕೈ ಎಲ್ಲಿದೆ ಎಂದು ನಾನು ಒಂದು ಕ್ಷಣ ಹುಡುಕಬೇಕಾಯಿತು, ಕತ್ತಲಾಗಿತ್ತು. ಅವಳೇ ನನ್ನ ಕೈ ಹುಡುಕಿ ಹಿಡಿದಳು.

"ಆಯ್ತು. ಎಣಿಸಲ್ಲ."

ಈಗ ನೆಮ್ಮದಿ.

ಮೇ 24, ಶನಿವಾರ, ಬೆಳಿಗ್ಗೆ ಐದು

ಕೋಲಿನ ತುದಿಗೆ ಹೊಸ ಸ್ಪಂಜು ಕಟ್ಟಿದೆ. ನನ್ನವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳಂತೆ. ಕೆಮ್ಮಿದಾಗಲೇ ಗೊತ್ತಾಯಿತು. "ಇವತ್ತೊಂದಿನ ಟೈಲರ್‌ನ ಈ ಕಡೆ ನಿಲ್ಲಿಸ್ಬಾರ್ದಾ?" ಎಂದಳು. ಹೊರಡುವಾಗ ಹೇಳುವ ಮಾತೇ ಇದು?

ಗೆದ್ದೇ ಬರುತ್ತೇವೆ. ಬಂದು ಬರೆಯುತ್ತೇನೆ.

ಮೇ 25, ಭಾನುವಾರ

ಬರೆಯಲೇಬೇಕು.

ನಾಲ್ಕನೇ ಸಾಲು ಅವಳದು. ಸೀಟಿ ಊದಿದ್ದು ಕೇಳಿತು. ಟೈಲರ್ ನಿಂತ ತುದಿಯಲ್ಲಿ ಚೆನ್ನಾಗಿ ತಿರುಗಿದಳು, ಜನ ಕೂಗಿದರು. ಕೋಲು ಎತ್ತಿ ಹಿಡಿದೆ. ನಾಲ್ಕನೇ ಸಾಲನ್ನೇ ದಿಟ್ಟಿಸಿದೆ. ನೀರು ಹೊಳೆಯಿತು, ಹಳದಿ ಟೋಪಿ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಇನ್ನೂ ದೂರ ಇದ್ದಾಳೆ ಎಂದುಕೊಂಡೆ. ಅದು ಐದನೇ ಸಾಲಿನ ಹುಡುಗಿಯ ಟೋಪಿ.

ಸದ್ದು ಮೊದಲು ಕೇಳಿತು. ಆಮೇಲೆ ಗಿಣಿ ಕಂಡಳು.

ಕೋಲಿನಿಂದ ನಾನು ತಟ್ಟಿದ್ದು ಬರೀ ನೀರಿಗೆ, ಅವಳ ಕಾಲಿನ ಹತ್ತಿರ. ಅವಳು ಎಣಿಸಿರಲಿಲ್ಲ. ಕೊನೆಯ ಕೈಯವರೆಗೂ ಒಂದಿಷ್ಟೂ ಹಿಂಜರಿಯದೆ ಬಂದಿದ್ದಳು. ನೀರು ಕೆಂಪಾಯಿತು. ಟೈಲರ್ ಆ ತುದಿಯಿಂದ ಓಡಿ ಬಂದು ಬಟ್ಟೆ ಸಮೇತ ನೀರಿಗೆ ಹಾರಿದ. ನಾನು ಕೋಲು ಹಿಡಿದುಕೊಂಡೇ ನಿಂತಿದ್ದೆ.

ಹಣೆಗೆ ಏಳು ಹೊಲಿಗೆ. ಜೀವಕ್ಕೆ ಅಪಾಯವಿಲ್ಲವಂತೆ. ಮೂವತ್ತೈದು ಸೆಕೆಂಡು ಒಂಬತ್ತು. ಅವಳು ಈವರೆಗೆ ಇಷ್ಟು ವೇಗವಾಗಿ ಈಜಿರಲಿಲ್ಲ.

ಮೇ 28, ಬುಧವಾರ

ವಿಚಾರಣೆ. ಎರಡೂ ಕಡೆಯವರು ಮೇಜಿನ ಆಚೆ ಈಚೆ. ಒಪ್ಪಂದದ ಹನ್ನೆರಡು ಪುಟ ನಡುವೆ. ಗಿಣಿ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದಳು.

"ಮಾಮ ಸರಿಯಾದ ಹೊತ್ತಿಗೇ ತಟ್ಟಿದ್ರು," ಎಂದಳು. "ನಂಗೇ ಗೊತ್ತಾಗ್ಲಿಲ್ಲ."

ಫೈಲಮ್ಮ ಪೆನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಹೌದಾ ಸರ್?"

ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಟೈಲರ್ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ಈಜುವವಳ ತಪ್ಪು ಎಂದು ಬರೆದುಕೊಂಡರು. ಹಾಗಾಗಿ ಒಂಬತ್ತನೇ ಷರತ್ತು ಅನ್ವಯಿಸುವುದಿಲ್ಲ. ಕೊಳ ಉಳಿಯಿತು. ಹನ್ನೊಂದು ಮಕ್ಕಳ ಸಲುವಾಗಿ ಸುಮ್ಮನಿದ್ದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಬಂದೆ.

ಸಂಜೆ ಟೈಲರ್ ಮನೆಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ. ತಟ್ಟಿದ್ದು ಗೊತ್ತಾಗದ ಹುಡುಗಿಯನ್ನು ತಂಡಕ್ಕೆ ತೆಗೆದುಕೊಂಡರೆ ಅಪಾಯ ಎಂದು ಆಯ್ಕೆಯವರು ಅವಳ ಹೆಸರು ತೆಗೆಯುತ್ತಿದ್ದಾರಂತೆ.

"ನಿಮಗೋಸ್ಕರ ಹೇಳಿದ್ಲಣ್ಣ," ಎಂದ. "ಬೆರಳು ಊದಿದ ದಿನ ನಾನು ಬಾಯಿ ಮುಚ್ಕೊಂಡೆ. ಇವತ್ತು ಆಗ್ತಿಲ್ಲ."

ಮೇ 29, ಗುರುವಾರ

ಫೈಲಮ್ಮನ ಕಚೇರಿ ಮೂರನೇ ಮಹಡಿಯಲ್ಲಿ. ಮೆಟ್ಟಿಲ ಕಂಬಿ ಹಿಡಿದುಕೊಂಡು ಹತ್ತಿದೆ. ನನ್ನ ಪತ್ರ ಕೇಳಿದೆ, ಫೈಲಿನಿಂದ ತೆಗೆದುಕೊಟ್ಟಳು. ಮೂರನೇ ಸಾಲಿನ 'ಸರಿ' ಎನ್ನುವುದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕರಡಿನ ಅಂಚಿನಲ್ಲಿ ಬರೆಯುವ ಹಾಗೆ ಬರೆದೆ: ಇದು ನನ್ನ ಕೈಬರಹ, ಪರೀಕ್ಷೆ ಆಗಿಲ್ಲ, ಸಂಘಕ್ಕೆ ಗೊತ್ತಿಲ್ಲ, ಗಿಣಿಗೆ ನಾನು ತಟ್ಟಲಿಲ್ಲ. ಕೆಳಗೆ ಸಹಿ ಹಾಕಿದೆ.

ಅವಳು ಎರಡು ಸಲ ಓದಿದಳು. ಬೈದಿದ್ದರೆ ಚೆನ್ನಾಗಿತ್ತು.

"ಹುಡುಗಿ ಹೆಸರು ನಾನೇ ವಾಪಸ್ ಹಾಕಿಸ್ತೀನಿ ಸರ್. ಒಪ್ಪಂದದ ವಿಷಯ ನನ್ನ ಕೈಲಿಲ್ಲ. ಸಮಿತಿ ಕೂರೋವರೆಗೂ ಕೊಳಕ್ಕೆ ಬೀಗ."

ಅಧ್ಯಕ್ಷರಿಗೆ ಫೋನಿನಲ್ಲೇ ಹೇಳಿದೆ. ಅವರು ಫೋನ್ ಇಟ್ಟ ಸದ್ದು ಮಾತ್ರ ಕೇಳಿತು.

ಜೂನ್ 3, ಮಂಗಳವಾರ

ಕಣ್ಣಿನ ಆಸ್ಪತ್ರೆಗೆ ಗಿಣಿಯೇ ಜೊತೆಗೆ ಬಂದಳು. ಬೇಡ ಎಂದರೂ ಕೇಳಲಿಲ್ಲ.

ಸಾಲಿನಲ್ಲಿ ಕೂತಾಗ ಕೇಳಿದೆ. "ನಿಂಗೆ ಯಾವಾಗಿಂದ ಗೊತ್ತು?"

"ನೀವು ಬಾಗಿಲಿಗೆ ಭುಜ ತಾಗಿಸ್ಕೊಂಡ್ರಲ್ಲ, ಆವಾಗಿಂದ. ಕಣ್ಣು ಹೋಗ್ತಾ ಇದ್ದಾಗ ನಾನೂ ಹಾಗೇ ತಾಗಿಸ್ಕೊಳ್ತಿದ್ದೆ. ಬಾಗಿಲೇ ಸರಿಯಿಲ್ಲ ಅಂತ ಅಮ್ಮನ ಹತ್ರ ಜಗಳ ಆಡ್ತಿದ್ದೆ."

"ಹೇಳ್ಬಾರ್ದಿತ್ತಾ?"

"ಎಣಿಸಿದ್ರೆ ಸಾಕು, ಯಾರಿಗೂ ಏನೂ ಆಗಲ್ಲ ಅಂದ್ಕೊಂಡೆ."

"ಮತ್ತೆ ಅವತ್ತು ಯಾಕೆ ಎಣಿಸಲಿಲ್ಲ?"

"ನೀವು ಬೇಡ ಅಂದ್ರಲ್ಲ ಮಾಮ."

ಅಷ್ಟು ಜನರ ನಡುವೆ ಅತ್ತೆ. ಅವಳಿಗೆ ಕಾಣುವುದಿಲ್ಲ ಎಂದು ಸದ್ದಿಲ್ಲದೆ ಅತ್ತೆ. ಅವಳು ಕರವಸ್ತ್ರ ಕೊಟ್ಟಳು.

ಒಳಗೆ ಕತ್ತಲೆ ಕೋಣೆ. ಬಟ್ಟಲಿನಂಥ ಯಂತ್ರದೊಳಗೆ ಗಲ್ಲ ಊರಿ ಕೂತೆ. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಿಯಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು ಎಂದು ಅಲ್ಲಿದ್ದ ಹೆಣ್ಣುಮಗಳು ಹೇಳಿಕೊಟ್ಟಳು. ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾದೆ. ಚುಕ್ಕೆಯ ಪಕ್ಕದಲ್ಲೇ ಒಂದೆರಡು ಸಲ ಮಿನುಗಿತು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅದನ್ನು ಅಣಿಗೊಳಿಸುತ್ತಿದ್ದಾಳೆ ಎಂದುಕೊಂಡೆ. ಕಾದೆ, ಕಾದೆ, ಕುತ್ತಿಗೆ ನೋಯತೊಡಗಿತು.

"ಯಾವಾಗ ಶುರು ಮಾಡ್ತೀರಮ್ಮ?" ಎಂದೆ.

"ಮುಗೀತು ಸರ್," ಎಂದಳು.

ಹೋದದ್ದು ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಎಂದರು ವೈದ್ಯರು. ನಿಮ್ಮ ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ಅಪ್ಪನಿಗಿತ್ತು ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಹೊರಗೆ ಬಂದಾಗ ಗಿಣಿ ಬೆಂಚಿನಿಂದ ಎದ್ದು ನಿಂತಿದ್ದಳು. ನನ್ನ ಹೆಜ್ಜೆ ಕೇಳಿಸಿರಬೇಕು. ಏನಂದ್ರು ಎಂದು ಕೇಳಲಿಲ್ಲ. ಮೊಣಕೈ ಮುಂದೆ ಮಾಡಿದಳು. ಹಿಡಿದುಕೊಂಡೆ. ಓಣಿಯ ಕೊನೆಯಲ್ಲಿ ಇಳಿಯುವ ಮೆಟ್ಟಿಲು, ಅಲ್ಲಿ ನಿಂತಳು.

"ಹದಿನಾಲ್ಕಿದೆ ಮಾಮ," ಎಂದಳು. "ಎಣಿಸ್ಕೊಂಡು ಬನ್ನಿ."

ಒಂದು ಎಂದು ಎಣಿಸುತ್ತಾ ಇಳಿಯತೊಡಗಿದೆ.